ವೈನ್ ಹಳೆಯದಾದಷ್ಟೂ ರುಚಿಯೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವೈನ್ ಕುರಿತ ಲೇಖನ ಓದಿದೆ. ಬರಹ ಸೊಗಸಾಗಿತ್ತು. ಆದರೆ ‘ವೈನ್ ಹಳೆಯದಾದಷ್ಟೂ ರುಚಿ ಹೆಚ್ಚು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದೀರಲ್ಲ, ಆ ಒಂದು ಸಾಲಿಗೆ ನನ್ನ ತಕರಾರಿದೆ. ಅದೇ ಮಾತನ್ನು ನಂಬಿ ಒಂಬತ್ತು ವರ್ಷ ಕಾದು ಕೆಟ್ಟವನು ನಾನು.

ನಿವೃತ್ತನಾದ ದಿನ ಅಳಿಯ ಒಂದು ಬಾಟಲಿ ಬಿಳಿ ವೈನ್ ತಂದುಕೊಟ್ಟಿದ್ದ. ಸೊವಿನ್ಯೊ ಬ್ಲಾಂ ತಳಿಯ ದ್ರಾಕ್ಷಿಯದು. “ಬೇಗ ತೆಗೆಯಿರಿ ಮಾವ” ಎಂದು ಅವನು ಹೇಳಿದ್ದನ್ನು ಉಪಚಾರದ ಮಾತೆಂದುಕೊಂಡು ಬಾಟಲಿಯನ್ನು ಬೀರುವಿನ ನೆತ್ತಿಯ ಮೇಲೆ ನಿಲ್ಲಿಸಿಟ್ಟೆ. ಒಂಬತ್ತು ವರ್ಷದ ಬಳಿಕ, ನಮ್ಮ ಮದುವೆಯ ದಿನವೆಂದು ಇಳಿಸಿ ತೆರೆಯಲು ಹೋದರೆ ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದರ್ಧ ಪುಡಿಪುಡಿಯಾಗಿ ಒಳಗೆ ಬಿತ್ತು. ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆ. ಲೋಟಕ್ಕೆ ಇಳಿದದ್ದು ಕಂದು ನೀರು. ಕೊಯ್ದಿಟ್ಟು ಮರೆತ ಸೇಬಿನ ವಾಸನೆ. ನನ್ನಾಕೆ ಒಂದು ಗುಟುಕು ಹೀರಿ, “ಇದಕ್ಕೆ ನಿಮ್ಮ ಪ್ರಯೋಗಾಲಯದ ವಾಸನೆ ಇದೆಯಲ್ಲ ರೀ” ಎಂದಳು. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ಆಲ್ಕೋಹಾಲು ಆಮ್ಲಜನಕದ ಸಹವಾಸದಿಂದ ಅಸಿಟಾಲ್ಡಿಹೈಡ್ ಎಂಬ ಘಾಟು ವಾಸನೆಯ ರಾಸಾಯನಿಕ ಆಗುವುದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಅದೇ ಸಮೀಕರಣ ನನ್ನ ಬೀರುವಿನ ಮೇಲೆ ಒಂಬತ್ತು ವರ್ಷ ಸದ್ದಿಲ್ಲದೆ ನಡೆದಿತ್ತು.

ಆ ಮುಜುಗರದಿಂದಲೇ ನನ್ನ ವೈನ್ ವ್ಯಾಸಂಗ ಶುರುವಾದದ್ದು.

ಒಂದು ವೈನ್ ಎಷ್ಟು ಕಾಲ ಬಾಳೀತು ಎಂಬುದು ಬಹುಪಾಲು ತೋಟದಲ್ಲೇ ತೀರ್ಮಾನವಾಗಿರುತ್ತದೆ. ಕಾಯಿ ಹಣ್ಣಾಗುತ್ತ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಕೊಯ್ಲು ನಾಲ್ಕು ದಿನ ಹಿಂದುಮುಂದಾದರೂ ವೈನಿನ ಸ್ವಭಾವ ಬದಲಾಗುತ್ತದೆ. ಈ ಹುಳಿಯೇ ವೈನಿಗೆ ಕಾವಲು. ಇನ್ನೊಂದು ಕಾವಲು ಸಿಪ್ಪೆ ಮತ್ತು ಬೀಜಗಳ ಒಗರು, ಅಂದರೆ ಟ್ಯಾನಿನ್. ಅತಿಯಾಗಿ ಕುದಿಸಿದ ಚಹಾ ಕುಡಿದರೆ ನಾಲಗೆ ಒಣಗಿ ಒಸಡು ಬಿಗಿದಂತಾಗುತ್ತದಲ್ಲ, ಅದೇ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೂ ಸಾಮಾನ್ಯವಾಗಿ ಬರುವುದು ಬಣ್ಣವಿಲ್ಲದ ರಸವೇ. (ತಿಳಿ ಬಣ್ಣದ, ನೊರೆಯುಕ್ಕುವ ಷಾಂಪೇನ್ ವೈನಿನ ತಯಾರಿಕೆಗೆ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯನ್ನು ಧಾರಾಳವಾಗಿ ಬಳಸುತ್ತಾರೆ ಎಂದರೆ ನನ್ನ ಗೆಳೆಯರು ಇಂದಿಗೂ ನಂಬುವುದಿಲ್ಲ.) ಕೆಂಪು ವೈನಿಗೆ ರಸವನ್ನು ಸಿಪ್ಪೆಯ ಸಮೇತ ಹುದುಗಲು ಬಿಡುತ್ತಾರೆ, ಬಣ್ಣವೂ ಒಗರೂ ಇಳಿಯುವುದು ಆಗ. ಬಿಳಿ ವೈನಿಗೆ ಸಾಮಾನ್ಯವಾಗಿ ಹುದುಗುವ ಮೊದಲೇ ಹಿಂಡಿ ಸಿಪ್ಪೆಯನ್ನು ಬೇರೆ ಮಾಡುತ್ತಾರೆ. ನನ್ನ ಬಾಟಲಿಗೆ ಹಾಗಾಗಿ ಒಗರಿನ ಕಾವಲು ಇರಲಿಲ್ಲ.

ಫ್ರಾನ್ಸಿನ ಬೋರ್ಡೊ ಪ್ರದೇಶದ ಉತ್ತಮ ಕೆಂಪು ವೈನುಗಳು, ಇಟಲಿಯ ಬರೋಲೊ ಎಳೆಯದರಲ್ಲಿ ಬಾಯಿ ಹಿಂಡುವಷ್ಟು ಒಗರಾಗಿದ್ದು, ವರ್ಷಗಳು ಕಳೆದಂತೆ ತಳಕ್ಕೆ ಗಷ್ಟು ಬಿಟ್ಟು ಮೆತ್ತಗಾಗುತ್ತವೆ. ಸೊಟರ್ನ್‌ನ ಸಿಹಿ ವೈನುಗಳು, ಜರ್ಮನಿಯ ಒಳ್ಳೆಯ ರೀಸ್ಲಿಂಗ್‌ಗಳು ಬಿಳಿಯಾದರೂ ದೀರ್ಘಾಯುಗಳು. ಪೋರ್ಚುಗಲ್‌ನ ಮದೀರಾ ದ್ವೀಪದ ವೈನಿನ ಕಥೆಯೇ ಬೇರೆ. ಅದನ್ನು ಬೇಕೆಂದೇ ಬಿಸಿಯಲ್ಲಿಟ್ಟು, ಗಾಳಿಗೊಡ್ಡಿ ಮಾಗಿಸುತ್ತಾರೆ. ಇನ್ನು ಕೆಡಲು ಅದರಲ್ಲಿ ಏನಿದೆ? ನನ್ನ ಬೀರುವಿಗೆ ಅದೊಂದೇ ತಕ್ಕದ್ದಾಗಿತ್ತು. ಆದರೆ ಇವೆಲ್ಲ ಬೆರಳೆಣಿಕೆಯವು. ಫ್ರಾನ್ಸಿನ ಬೋಜೊಲೆ ನೂವೊ ಅದೇ ವರ್ಷದ ಕೊಯ್ಲಿನದು, ನವೆಂಬರಿನ ಮೂರನೆಯ ಗುರುವಾರ ಮಾರಾಟಕ್ಕೆ ಬರುತ್ತದೆ. ಅದನ್ನು ಹತ್ತು ವರ್ಷ ಕೂಡಿಡುವುದು ಹೂವನ್ನು ತಿಜೋರಿಯಲ್ಲಿಟ್ಟಂತೆ. ಅಂಗಡಿಗಳಲ್ಲಿ ಸಿಗುವ ಬಹುಪಾಲು ವೈನ್ ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಇಡಲೇಬೇಕಾದರೆ 12-13 ಡಿಗ್ರಿಯ ತಂಪು ಬೇಕು, ಕತ್ತಲೆ ಬೇಕು, ಬಿರಡೆ ಒಣಗದಂತೆ ಬಾಟಲಿಯನ್ನು ಅಡ್ಡ ಮಲಗಿಸಿರಬೇಕು.

ಇನ್ನೊಂದು ತಕರಾರು ಚಿಕ್ಕದು. ಲೇಖನದ ಚೌಕದೊಳಗೆ ಚೆರ್ರಿ, ತೊಗಲು, ತಂಬಾಕು ಎಂದು ವಾಸನೆಗಳ ಪಟ್ಟಿ ಕೊಟ್ಟು, ಇವನ್ನು ಗುರುತಿಸಲಾಗದವರಿಗೆ ವೈನ್ ತಿಳಿಯದು ಎಂದಿದ್ದೀರಿ. ಬೋರ್ಡೊ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟರಂತೆ. ಅವರು ಅದನ್ನು ಬಣ್ಣಿಸಿದ್ದು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿ. 2001ರಲ್ಲಿ ಪ್ರಕಟವಾದ ಸಂಶೋಧನೆ ಇದು. ಮೂಗಿಗಿಂತ ಮೊದಲು ಕಣ್ಣು ತೀರ್ಪು ಕೊಟ್ಟುಬಿಡುತ್ತದೆ.

ಈಗ ನಮ್ಮ ಮನೆಯಲ್ಲಿ ಲೋಟಗಳಿಗೆ ನಿಮ್ಮ ಪತ್ರಿಕೆಯ ಹಾಳೆಯನ್ನೇ ಸುತ್ತಿ, ಕಣ್ಣು ಮುಚ್ಚಿ ಕುಡಿಯುತ್ತೇವೆ. ಎರಡೆರಡೇ ಗುಟುಕು, ವೈದ್ಯರು ನಿಗದಿ ಮಾಡಿದ್ದು ಅಷ್ಟೇ. ಕೆಂಪು ಬಿಳಿ ಎರಡನ್ನೂ ಸಮನಾಗಿ ತಣ್ಣಗಿರಿಸಿದಾಗ ಯಾವುದು ಯಾವುದೆಂದು ತಿಳಿಯದೆ ಎರಡು ಸಲ ಎಡವಿದ್ದೇನೆ. ನನ್ನಾಕೆ ಒಗರಿನ ಜಾಡು ಹಿಡಿದು ಎರಡು ಸಲವೂ ಸರಿಯಾಗಿ ಹೇಳಿದಳು. ಚೆರ್ರಿ, ತೊಗಲಿನ ಗೋಜಿಗೆ ಆಕೆ ಹೋಗಲೇ ಇಲ್ಲ.

ನಾನು ಈ ಪತ್ರ ಬರೆಯಲು ಕೂತದ್ದಕ್ಕೆ ಕಾರಣ ನನ್ನೊಬ್ಬ ಹಳೆಯ ಸಹೋದ್ಯೋಗಿ. ಐದು ವರ್ಷದ ಹಿಂದಿನ ಒಂದು ರೋಸೆ, ಅಂದರೆ ಬೇಗನೆ ಕುಡಿಯಬೇಕಾದ ತಿಳಿಗುಲಾಬಿ ಬಣ್ಣದ ವೈನ್ ಅವರ ಬಳಿ ಇದೆ. ತೆರೆಯೋಣವೆಂದು ನಾನು ಹೇಳಿದಾಗಲೆಲ್ಲ ‘ಇನ್ನೂ ಮಾಗಲಿ’ ಎನ್ನುತ್ತಿದ್ದವರು, ಈಗ ನಿಮ್ಮ ದಪ್ಪಕ್ಷರದ ಸಾಲನ್ನು ಕತ್ತರಿಸಿ ಬಾಟಲಿಗೇ ಅಂಟಿಸಿದ್ದಾರೆ. ಈ ಪತ್ರ ಪ್ರಕಟವಾದರೆ ಇದನ್ನೂ ಕತ್ತರಿಸಿ ಅವರ ಮನೆಗೆ ಒಯ್ಯುತ್ತೇನೆ. ಬಿರಡೆ ತಿರುಪು ನನ್ನ ಜೇಬಿನಲ್ಲೇ ಇರುತ್ತದೆ.

– ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ