ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡ 38,400 ರೂಪಾಯಿಗೆ ಲೆಕ್ಕ ಕೊಡಿ

ಕೋಲಾರ
12 ಆಗಸ್ಟ್ 2025

ಇವರಿಂದ: ಟೇಕಲ್ ರಸ್ತೆ ಕಡೆಯ ಮನೆಯ ಮಾಲೀಕ, ಕೋಲಾರ

ಇವರಿಗೆ: ವ್ಯವಸ್ಥಾಪಕರು, ಮನೆ ಬಾಡಿಗೆ ನಿರ್ವಹಣಾ ಸಂಸ್ಥೆ, ಬೆಂಗಳೂರು

ವಿಷಯ: ಮನೆಗೆ ಹಾನಿಯಾಗಿದೆ ಎಂದು ಬಾಡಿಗೆದಾರರ ಅಡ್ವಾನ್ಸ್‌ನಲ್ಲಿ ಮುರಿದುಕೊಂಡ ಹಣ, ನನಗೆ ತೋರಿಸಿದ ಬೇರೆ ಲೆಕ್ಕ ಮತ್ತು ಮುಚ್ಚಿಹಾಕಿದ ಮೂರು ದೂರುಗಳ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ಟೇಕಲ್ ರಸ್ತೆಯಲ್ಲಿ ತರಕಾರಿ ಕೊಳ್ಳುತ್ತಿದ್ದಾಗ, ನನ್ನ ಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದವರು ಎದುರಾದರು. ನಮಸ್ಕಾರ ಎಂದೆ. ಅವರು ಟೊಮೆಟೊ ಆರಿಸುವುದನ್ನು ಬಿಟ್ಟು ಚೀಲ ಎತ್ತಿಕೊಂಡು ನಡೆದೇಬಿಟ್ಟರು. ಮೂರು ವರ್ಷದಲ್ಲಿ ಒಂದು ತಿಂಗಳ ಬಾಡಿಗೆಯನ್ನೂ ತಡಮಾಡದ ಮನುಷ್ಯ, ಯುಗಾದಿ ಸಂಕ್ರಾಂತಿಗೆ ತಪ್ಪದೆ ಫೋನ್ ಮಾಡುತ್ತಿದ್ದವರು. ನನಗೆ ಏನೂ ಅರ್ಥವಾಗಲಿಲ್ಲ. ಸಂಜೆ ನಾನೇ ಅವರ ಹೊಸ ಮನೆಯನ್ನು ಹುಡುಕಿಕೊಂಡು ಹೋದೆ. ಒಳಗೆ ಕರೆಯಲು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಮೊಬೈಲ್ ತೆಗೆದು ನೀವು ಕಳುಹಿಸಿದ ಕಡಿತದ ಪಟ್ಟಿಯನ್ನು ನನ್ನ ಮುಂದೆ ಹಿಡಿದರು. ನಾನು ನನ್ನ ಮೊಬೈಲ್ ತೆಗೆದು ನೀವು ನನಗೆ ಕಳುಹಿಸಿದ ಲೆಕ್ಕವನ್ನು ಅದರ ಪಕ್ಕ ಇಟ್ಟೆ.

ಒಂದೇ ಮನೆ, ಒಂದೇ ತಿಂಗಳು, ಎರಡು ಲೆಕ್ಕ.

ಅವರ ಅಡ್ವಾನ್ಸ್ 60,000 ರೂಪಾಯಿ ನಿಮ್ಮಲ್ಲಿತ್ತು. ಅದರಲ್ಲಿ ಪೇಂಟಿಂಗ್‌ಗೆ 16,000, ಗೋಡೆ ಹಾನಿಗೆ 7,500, ಅಡುಗೆಮನೆಯ ಗ್ರಾನೈಟ್ ಕಟ್ಟೆ ಬದಲಿಸಲು 6,500, ನಲ್ಲಿ ಮತ್ತು ಶವರ್‌ಗೆ 4,900, ಬೀರುವಿನ ಬಾಗಿಲಿಗೆ 2,000, ಸ್ವಚ್ಛತೆಗೆ 1,500 ಎಂದು ಒಟ್ಟು 38,400 ಹಿಡಿದು, 21,600 ವಾಪಸ್ ಕೊಟ್ಟಿದ್ದೀರಿ. 'ಮಾಲೀಕರ ಸೂಚನೆಯಂತೆ' ಎಂದು ಪಟ್ಟಿಯ ತಲೆಯಲ್ಲಿ ಬರೆದಿದ್ದೀರಿ. ನನಗೆ ಕಳುಹಿಸಿದ ಲೆಕ್ಕದಲ್ಲಿ ಬಾಡಿಗೆದಾರರಿಂದ ವಸೂಲಾದದ್ದು 14,000, ದುರಸ್ತಿಗೆ ಖರ್ಚಾದದ್ದು 17,300, ಕೊರತೆ 3,300 ಎಂದಿದೆ. ಆ ಕೊರತೆಯನ್ನು ಮೇ ತಿಂಗಳ ಬಾಡಿಗೆಯಲ್ಲಿ ಮುರಿದುಕೊಂಡೂ ಆಗಿದೆ. ನಾನು ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. 'ಮನೆ ಸರಿಯಾಗಿದೆಯೇ' ಎಂದು ಕೇಳಿದ್ದಕ್ಕೆ ನಿಮ್ಮ ಹುಡುಗ 'ಸಣ್ಣಪುಟ್ಟದ್ದಿದೆ ಸಾರ್, ನಾವು ನೋಡಿಕೊಳ್ಳುತ್ತೇವೆ' ಎಂದಿದ್ದ. ನೋಡಿಕೊಂಡಿರಿ!

ನನ್ನ ಪರಿಚಯ ಸ್ವಲ್ಪ ಹೇಳಬೇಕು. ನಾನು ಉಪನೋಂದಣಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು ನಿವೃತ್ತನಾದವನು. ಜೀವಮಾನವೆಲ್ಲ ಪರರ ಕ್ರಯಪತ್ರ, ಭೋಗ್ಯಪತ್ರ, ಬಾಡಿಗೆ ಕರಾರುಗಳನ್ನು ಓದಿದ ಕಣ್ಣು ಇದು. ಆದರೂ ನಿಮ್ಮ ಮೊಬೈಲ್ ಆ್ಯಪ್‌ನಲ್ಲಿ ಬರುವ ಕಾಗದಗಳನ್ನು ಓದದೆ 'ಒಪ್ಪಿದೆ' ಎಂದು ಒತ್ತುತ್ತಿದ್ದೆ. ಅದು ನನ್ನ ತಪ್ಪು. 2022ರಲ್ಲಿ ಹೆಂಡತಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಹಾಸನದ ಮಗಳ ಮನೆಗೆ ಹೋದೆವು. ದೂರದಿಂದ ಮನೆ ನೋಡಿಕೊಳ್ಳುವುದು ಕಷ್ಟವೆಂದು ತಿಂಗಳಿಗೆ 880 ರೂಪಾಯಿ ಕಮಿಷನ್ ಒಪ್ಪಿಕೊಂಡು ನಿಮ್ಮ ಕೈಗೆ ಬೀಗದ ಕೈ ಕೊಟ್ಟೆ. ಮನೆ ಖಾಲಿಯಾದ ಮೇಲೆ ಮತ್ತೆ ಬಾಡಿಗೆಗೆ ಕೊಡುವುದು ಬೇಡ, ನಾವೇ ಹೋಗಿ ಇರೋಣ ಎಂದು ಜುಲೈನಲ್ಲಿ ಕೋಲಾರಕ್ಕೆ ಮರಳಿದೆವು. ಇದು ನಿಮ್ಮ ಲೆಕ್ಕಾಚಾರದಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಏಕೆಂದರೆ ನೀವು 6,500 ರೂಪಾಯಿ ಹಿಡಿದು 'ಬದಲಿಸಿದ' ಗ್ರಾನೈಟ್ ಕಟ್ಟೆ ಈಗಲೂ ಇದ್ದಲ್ಲೇ ಇದೆ. ಗ್ಯಾಸ್ ಒಲೆಯ ಎಡಗಡೆಯಿಂದ ಗೋಡೆಯವರೆಗೆ ಗೇಣುದ್ದದ ಬಿರುಕು. ಅದಕ್ಕೆ ಬಿಳಿ ಸಿಮೆಂಟ್ ಬಳಿದಿದ್ದಾರೆ. ಕರಿ ಕಲ್ಲಿನ ಮೇಲೆ ಬಿಳಿ ಗೆರೆ, ಹಣೆಗೆ ವಿಭೂತಿ ಎಳೆದ ಹಾಗಿದೆ. ಆ ಬಿರುಕು ಬಾಡಿಗೆದಾರರು ಮಾಡಿದ್ದಲ್ಲ ಎಂದು ನಾನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ, ಏಕೆಂದರೆ ಅದನ್ನು ಮಾಡಿದವಳು ನನ್ನ ಹೆಂಡತಿ. ಒಂದು ಯುಗಾದಿಯ ಹಿಂದಿನ ರಾತ್ರಿ ಒಬ್ಬಟ್ಟಿಗೆಂದು ಬೆಲ್ಲದ ಅಚ್ಚನ್ನು ಕಟ್ಟೆಯ ಮೇಲೇ ಇಟ್ಟು ಗುಂಡುಕಲ್ಲಿನಿಂದ ಕುಟ್ಟಿದಳು. ಟಪ್ ಎಂದ ಸದ್ದು ನನಗಿನ್ನೂ ನೆನಪಿದೆ. ಬೇಡ ಎಂದಿದ್ದೆ ಎಂಬುದನ್ನು ಇಲ್ಲಿ ಬರೆಯಬಾರದೆಂದು ಅವಳು ಹೇಳಿದ್ದಾಳೆ. ನನ್ನ ಮಾತು ಸಾಲದಿದ್ದರೆ, ಜೂನ್ 2022ರಲ್ಲಿ ಬಾಡಿಗೆದಾರರಿಗೆ ಮನೆ ಒಪ್ಪಿಸುವಾಗ ನಿಮ್ಮವರೇ ತೆಗೆದ ಫೋಟೋಗಳನ್ನು ನೋಡಿ. ಹದಿನಾಲ್ಕನೆಯದರಲ್ಲಿ ಆ ಬಿರುಕು ಸ್ಪಷ್ಟವಾಗಿದೆ.

ನಲ್ಲಿ, ಶವರ್‌ಗಳ ಕಥೆ ಇನ್ನೊಂದು. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಸಾವಿರ ಅಡಿಗೂ ಕೆಳಗಿನಿಂದ ಎತ್ತಿದ ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ತುಂಬಿರುತ್ತವೆ. ಬಿಂದಿಗೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಿಯಲ್ಲಿ ಬಿಳಿ ಪದರ ಕಟ್ಟುವುದು ಇಲ್ಲಿ ಮಕ್ಕಳಿಗೂ ಗೊತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬಂದ ಮೇಲೂ ನನ್ನ ಮನೆಯ ನಲ್ಲಿಗೆ ಕಟ್ಟುವ ಪದರವೇನೂ ತೆಳ್ಳಗಾಗಿಲ್ಲ. ಅದು ಬಾಡಿಗೆದಾರರು ಮಾಡಿದ ಹಾನಿ ಹೇಗಾಗುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಪ್ರಕರಣ (ಸೆಕ್ಷನ್) ಸಹಜ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟುವುದಿಲ್ಲ. ಬ್ರಿಟಿಷರ ಕಾಲದವರಿಗೆ ತಿಳಿದದ್ದು ನಿಮ್ಮ ಆ್ಯಪ್‌ಗೆ ತಿಳಿದಿಲ್ಲ. ಅದೂ ಹೋಗಲಿ, ಹೊಸ ನಲ್ಲಿಯನ್ನಾದರೂ ಹಾಕಿಸಿದ್ದೀರಾ? ಹಳೆಯದಕ್ಕೇ ಆ್ಯಸಿಡ್ ಹಾಕಿ ಉಜ್ಜಿ, ಮೇಲಿನ ಹೊಳಪನ್ನೂ ಕಿತ್ತು, ಹಿತ್ತಾಳೆ ಕಾಣುವಂತೆ ಮಾಡಿದ್ದಾರೆ.

ಇನ್ನು ಗೋಡೆ. ನನಗೆ ಹೆಚ್ಚು ಸಿಟ್ಟು ಬಂದಿರುವುದು ಇಲ್ಲಿಯೇ.

ಮಲಗುವ ಕೋಣೆಯ ಪೂರ್ವದ ಗೋಡೆಯ ಮೇಲ್ಭಾಗದಲ್ಲಿ ನೀರಿನ ಟ್ಯಾಂಕ್ ಇದೆ. ಅದರ ಫ್ಲೋಟ್ ವಾಲ್ವ್ ಕೆಟ್ಟು, ಟ್ಯಾಂಕ್ ತುಂಬಿದಾಗಲೆಲ್ಲ ನೀರು ಹೊರಗೆ ಸುರಿದು ಗೋಡೆಗೆ ಇಳಿಯುತ್ತಿತ್ತು. ಇಟ್ಟಿಗೆ ಕುಡಿದ ನೀರು ಒಳಗಿನ ಲವಣವನ್ನು ಕರಗಿಸಿಕೊಂಡು ಕೋಣೆಯ ಕಡೆಗೆ ಬರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿದು ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ದೂಡುತ್ತದೆ. ಮೊದಲು ಬಣ್ಣ ಉಬ್ಬುತ್ತದೆ, ಆಮೇಲೆ ಹಪ್ಪಳದ ಹಾಗೆ ಏಳುತ್ತದೆ, ಕೊನೆಗೆ ಕೈ ಸೋಕಿದರೆ ಪುಡಿ ಉದುರುತ್ತದೆ. ಬಾಡಿಗೆದಾರರು ಇದನ್ನು ಅಕ್ಟೋಬರ್ 2023ರಲ್ಲಿ, ಆಗಸ್ಟ್ 2024ರಲ್ಲಿ, ಮತ್ತೆ ನವೆಂಬರ್ 2024ರಲ್ಲಿ ನಿಮ್ಮ ಆ್ಯಪ್‌ನಲ್ಲಿ ಫೋಟೋ ಸಮೇತ ದೂರಿದ್ದಾರೆ. ಮೂರಕ್ಕೂ 'ಪರಿಹರಿಸಲಾಗಿದೆ' ಎಂದು ಹಸಿರು ಗುರುತು ಬಿದ್ದಿದೆ. ಯಾರೂ ಟ್ಯಾಂಕ್ ಹತ್ತಿಲ್ಲ. ನನಗೆ ಒಂದು ಫೋನ್ ಬಂದಿಲ್ಲ. 'ನಾನೇ ಪ್ಲಂಬರ್‌ನನ್ನು ಕರೆಸುತ್ತೇನೆ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ' ಎಂದು ಅವರು ಕೇಳಿದ್ದಕ್ಕೂ ನಿಯಮದಲ್ಲಿ ಅವಕಾಶವಿಲ್ಲ ಎಂದಿರಂತೆ. ಮಾಲೀಕ ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಎಂಬುದೂ ಅದೇ 108ನೇ ಪ್ರಕರಣದಲ್ಲಿದೆ. ಕೆಲವು ನೂರು ರೂಪಾಯಿಯ ವಾಲ್ವ್‌ಗಾಗಿ ನನ್ನ ಗೋಡೆ ಒಂದೂವರೆ ವರ್ಷ ನೆನೆದಿದೆ. ಆ ಹಾನಿಗೆ ದೂರು ಕೊಟ್ಟವರಿಂದಲೇ 7,500 ವಸೂಲು ಮಾಡಿದ್ದೀರಿ.

ಬಣ್ಣ ಬಳಿದವನನ್ನೂ ವಿಚಾರಿಸಿದೆ. ಕೋಲಾರ ಅಷ್ಟೇನೂ ದೊಡ್ಡ ಊರಲ್ಲ. ಎರಡು ಅಂಗಡಿ ಕೇಳಿದರೆ ಪೇಂಟರ್ ಸಿಗುತ್ತಾನೆ. ಎರಡು ಕೋಣೆಗೆ ಮಾತ್ರ ಹೊಡೆದದ್ದು, ಬಣ್ಣ ಕೂಲಿ ಎಲ್ಲ ಸೇರಿ 9,000 ಸಿಕ್ಕಿತು, ಗೋಡೆ ಒಣಗಲಿ ಎಂದು ಹೇಳಿದರೂ ನಿಮ್ಮ ಮೇಲ್ವಿಚಾರಕ ಕೇಳಲಿಲ್ಲ ಎಂದ. ಒದ್ದೆ ಗೋಡೆಗೆ ಹೊಡೆದ ಆ ಬಣ್ಣ ನಾವು ಬರುವಷ್ಟರಲ್ಲೇ ಮತ್ತೆ ಎದ್ದಿತ್ತು. ಅಷ್ಟಕ್ಕೂ ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಅಂದರೆ 11,000 ಎಂದು ಕರಾರಿನಲ್ಲೇ ಇದೆ. ಹನ್ನೊಂದು ತಿಂಗಳಿಗೊಮ್ಮೆ ಇಬ್ಬರಿಂದಲೂ 1,500 ತೆಗೆದುಕೊಂಡು ನೀವೇ ಬರೆಸುತ್ತಿದ್ದ ಕರಾರು ಅದು. 16,000 ಎಲ್ಲಿಂದ ಬಂತು?

ಬೀರುವಿನ ಬಾಗಿಲಿನ ಮೇಲೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತಿದೆ. 'ಅದು ನಮ್ಮದೇ ತಪ್ಪು ಸಾರ್, ಅದಕ್ಕೆ ಕೊಡುತ್ತೇವೆ' ಎಂದು ಬಾಡಿಗೆದಾರರ ಹೆಂಡತಿ ನಾನು ಕೇಳುವ ಮೊದಲೇ ಹೇಳಿದರು. ಅದರ 2,000 ಮತ್ತು ಕರಾರಿನಂತೆ ಪೇಂಟಿಂಗ್‌ನ 11,000, ಒಟ್ಟು 13,000 ಅವರಿಂದ ನ್ಯಾಯವಾಗಿ ಬರಬೇಕಾದದ್ದು. ಇದನ್ನು ನಾವಿಬ್ಬರೂ ಅವರ ಮನೆಯ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಹತ್ತು ನಿಮಿಷದಲ್ಲಿ ತೀರ್ಮಾನಿಸಿದೆವು. ಸ್ವಚ್ಛತೆಯ 1,500ನ್ನು ನಾನು ಒಪ್ಪುವುದಿಲ್ಲ. ಮನೆ ಬಿಡುವ ದಿನ ಅವರು ನೆಲ ಒರೆಸಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು ಹೋಗಿದ್ದರೆಂದು ಎದುರುಮನೆಯವರು ಹೇಳಿದರು.

ಈಗ ಲೆಕ್ಕ. ಅವರಿಂದ 38,400, ನನ್ನಿಂದ 3,300, ಒಟ್ಟು 41,700 ನಿಮಗೆ ಬಂದಿದೆ. ಖರ್ಚಾದದ್ದು ಪೇಂಟರ್‌ಗೆ ಕೊಟ್ಟ 9,000 ಮಾತ್ರ. ಉಳಿದ 32,700ರಲ್ಲಿ ಬಾಡಿಗೆದಾರರಿಗೆ, ಅವರು ಕೊಡಬೇಕಾದ 13,000 ಕಳೆದು, 25,400, ಮಿಕ್ಕ 7,300 ನನಗೆ ಮರಳಬೇಕು. ಗೋಡೆಯ ಗಾರೆ ಕೆತ್ತಿ ಹೊಸದಾಗಿ ಮಾಡಿಸಲು ನನಗೆ 8,200 ಖರ್ಚಾಗಿದೆ, ಬಿಲ್ ಲಗತ್ತಿಸಿದ್ದೇನೆ. ದೂರನ್ನು ನನಗೆ ತಿಳಿಸದೆ ಮುಚ್ಚಿದ್ದಕ್ಕೆ ಅದನ್ನೂ ನೀವೇ ತುಂಬಿಕೊಡಬೇಕು. ನೀವು ನನ್ನ ಏಜೆಂಟರು. ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು 1872ರ ಕರಾರು ಕಾಯ್ದೆಯ 213ನೇ ಪ್ರಕರಣದಂತೆ ನಿಮ್ಮ ಕರ್ತವ್ಯ. ಆದ್ದರಿಂದ 17,300ರ ಪ್ರತಿ ರೂಪಾಯಿಗೂ ಬಿಲ್ ಕಳುಹಿಸಿ. 'ಮಾಲೀಕರ ಸೂಚನೆಯಂತೆ' ಎಂಬ ಸಾಲು ಸುಳ್ಳು ಎಂದು ಬಾಡಿಗೆದಾರರಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ನನಗೆ ಕೊಡಿ. ನನಗೆ ಹಣಕ್ಕಿಂತ ಅದು ಮೊದಲು ಬೇಕು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಕರಾರು ನವೀಕರಣಕ್ಕೆ ನಿಮಗೆ ಶುಲ್ಕ ಕೊಟ್ಟ ಬಾಡಿಗೆದಾರರೂ ಸಹಿ ಹಾಕಲು ಒಪ್ಪಿದ್ದಾರೆ. ವಿವಾದವೇನಿದ್ದರೂ ಬೆಂಗಳೂರಿನಲ್ಲೇ ಎಂದು ನಿಮ್ಮ ಕರಾರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 34ನೇ ಪ್ರಕರಣದಂತೆ ದೂರುದಾರ ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ನಿವೃತ್ತನಾದ ನನಗೆ ಬಿಡುವಿಗೇನೂ ಕೊರತೆಯಿಲ್ಲ.

ಎರಡೂ ಲೆಕ್ಕಪಟ್ಟಿಗಳು, ಮೂರು ದೂರುಗಳ ಮುದ್ರಿತ ಪ್ರತಿ, ಹದಿನಾಲ್ಕನೆಯ ಫೋಟೋ, ಅದೇ ಜಾಗವನ್ನು ಮೊನ್ನೆ ತೆಗೆದ ಫೋಟೋ ಮತ್ತು ಗಾರೆ ಕೆಲಸದ ಬಿಲ್ಲನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ.

ಇತಿ,
ಮನೆಯ ಮಾಲೀಕ

ಮರೆತಿದ್ದೆ: ಹಿಂಬಾಗಿಲಿನ ಒಂದು ಬೀಗದ ಕೈ ಇನ್ನೂ ನಿಮ್ಮಲ್ಲಿದೆ. ಬೀಗವನ್ನು ಬದಲಿಸಿದ್ದೇನೆ, ಆದರೂ ಕೈಯನ್ನು ವಾಪಸ್ ಕಳುಹಿಸಿ.