ಹೊಳೆಬದಿಯ ಅತ್ತಿಮರವನ್ನು ಕಡಿಸಬೇಡಿ, ಅಪ್ಪ

ಮೆಲ್ಬರ್ನ್
ನವೆಂಬರ್ 16

ತೀರ್ಥರೂಪು ಅಪ್ಪನವರ ಪಾದಗಳಿಗೆ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಅಲ್ಲಿ ಅಮ್ಮ, ಅಜ್ಜಿ, ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅರೇಬಿಕಾ ಕುಯ್ಲು ಶುರುವಾಗಿರಬೇಕು. ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ ಮಳೆ ಬಾರದಿರಲಿ ಎಂದು ದಿನವೂ ಮೊಬೈಲ್‌ನಲ್ಲಿ ಸಕಲೇಶಪುರದ ಹವಾಮಾನ ನೋಡುತ್ತೇನೆ.

ಕಳೆದ ಭಾನುವಾರ ಫೋನಿನಲ್ಲಿ ಅಣ್ಣ ಹೇಳಿದ ಮಾತು ಇನ್ನೂ ಮನಸ್ಸಿನಲ್ಲೇ ಕುಳಿತಿದೆ. ಕುಯ್ಲು ಮುಗಿದ ಮೇಲೆ ಹೊಳೆಬದಿಯ ಅತ್ತಿಮರವನ್ನು ಕಡಿಸಿ, ಆ ಪಟ್ಟಿಗೆ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸುವ ಯೋಚನೆ ನಿಮಗಿದೆಯಂತೆ. ಫೋನಿನಲ್ಲಿ ವಾದಕ್ಕಿಳಿದರೆ ನಿಮಗೂ ಬೇಸರ, ನನಗೂ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ. ಅದಕ್ಕೇ ಈ ಪತ್ರ. ದಯವಿಟ್ಟು ಪೂರ್ತಿ ಓದಿ.

ನಾನಿಲ್ಲಿ ಪ್ರಕೃತಿ ವೀಕ್ಷಕರ ಕೂಟವೊಂದನ್ನು ಸೇರಿರುವ ವಿಷಯ ಅಮ್ಮನಿಗೆ ಗೊತ್ತು. ತಿಂಗಳಿಗೆ ಎರಡು ಭಾನುವಾರ ಬೆಳಗ್ಗೆ ಹದಿನೈದು ಇಪ್ಪತ್ತು ಜನ ಸೇರುತ್ತೇವೆ. ನಿವೃತ್ತ ಶಿಕ್ಷಕಿ, ಟ್ರಾಮ್ ಚಾಲಕ, ಔಷಧಿ ಅಂಗಡಿಯಾತ, ಅಜ್ಜನ ಕೈ ಹಿಡಿದು ಬರುವ ಎಂಟು ವರ್ಷದ ಹುಡುಗಿ. ಈ ರಾಜ್ಯಕ್ಕೆ ಇಂಥ ಕೂಟಗಳು ಹೊಸದಲ್ಲ. ವಿಕ್ಟೋರಿಯಾದ ಫೀಲ್ಡ್ ನ್ಯಾಚುರಲಿಸ್ಟ್ಸ್ ಕ್ಲಬ್ ಹುಟ್ಟಿದ್ದು 1880ರಲ್ಲಿ. ಅದರ ಪತ್ರಿಕೆ 1884ರಿಂದ ಬರುತ್ತಿದೆ. ನಮ್ಮದು ಬಡಾವಣೆ ಮಟ್ಟದ ಸಣ್ಣ ಗುಂಪು. ಯಾರಾ ನದಿಯ ದಂಡೆಯೇ ನಮಗೆ ಶಾಲೆ. ಕೈಯಲ್ಲಿ ಒಂದು ಭೂತಗನ್ನಡಿ, ಒಂದು ನೋಟ್‌ಪುಸ್ತಕ. ಬಿದ್ದ ದಿಮ್ಮಿಯನ್ನು ಹೊರಳಿಸಿ ಹುಳು ನೋಡಿದರೆ ಅದನ್ನು ಇದ್ದ ಹಾಗೆಯೇ ಮತ್ತೆ ಇಡಬೇಕು. ಗಿಡದ ಹೆಸರು ಕೇಳುವ ಮೊದಲು ಅದರಲ್ಲಿ ಕಂಡ ಮೂರು ಸಂಗತಿಗಳನ್ನು ಹೇಳಬೇಕು. ಇವೆರಡು ನಿಯಮಗಳನ್ನು ಪುಟ್ಟ ಮಕ್ಕಳೂ ಮೀರುವುದಿಲ್ಲ. ನಾವು ಊರಿನಲ್ಲಿ ‘ನೀಲಗಿರಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಮರದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ. ತೊಗಟೆ ಸುಲಿಯುವ ಬಗೆ, ಮೊಗ್ಗಿನ ಮುಚ್ಚಳ, ಕಾಯಿಯ ಆಕಾರ ನೋಡಿ ಅವನ್ನು ಗುರುತಿಸುತ್ತಾರೆ. ನನಗೆ ಈಗ ಒಂಬತ್ತು ಜಾತಿ ಬರುತ್ತವೆ.

ಹೋದ ಭಾನುವಾರ ಒಂದು ಬೀದಿಯ ತಿರುವಿನಲ್ಲಿ ಮರವೊಂದು ತುದಿಯಿಂದ ಬುಡದವರೆಗೆ ಚಿನ್ನದ ಬಣ್ಣದ ಹೂ ಹೊತ್ತು ನಿಂತಿತ್ತು. ಬಾಚಣಿಗೆಯ ಹಲ್ಲುಗಳಂತೆ ಒಂದೇ ಕಡೆಗೆ ಸಾಲಾಗಿ ಚಾಚಿದ ಹೂಗಳು, ಅವುಗಳ ತುಂಬ ಮಕರಂದ. ಐದು ಬಣ್ಣಬಣ್ಣದ ಗಿಣಿಗಳು ತಲೆಕೆಳಗಾಗಿ ಜೋತುಬಿದ್ದು ಅದನ್ನು ಹೀರುತ್ತಿದ್ದವು. ಎಲೆಯ ಹಿಂಬದಿಯ ಬೆಳ್ಳಿ ಬಣ್ಣ ನೋಡಿದ ಮೇಲಷ್ಟೇ ಗೊತ್ತಾಯಿತು, ಅದು ನಮ್ಮ ಸಿಲ್ವರ್ ಓಕ್! ಅದರ ತವರು ಈ ದೇಶವೇ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನ ಪೂರ್ವದ ಕಾಡುಗಳು. ಇಲ್ಲಿನ ಮೂಲನಿವಾಸಿಗಳು ಅದರ ಹೂವಿನ ಮಕರಂದವನ್ನು ಕುಡಿಯುತ್ತಿದ್ದರಂತೆ. ಆ ಮರಗಳ ಸಾಲಿನಲ್ಲೇ ಹುಟ್ಟಿ ಬೆಳೆದವಳು ನಾನು. ಆದರೆ ನನ್ನ ಕಣ್ಣಿಗೆ ಅದು ಬಳ್ಳಿ ಹತ್ತುವ ಕಂಬವಾಗಿತ್ತು, ಅಷ್ಟೇ. ಅದರ ಬುಡದಲ್ಲಿ ಬಹಳ ಹೊತ್ತು ನಿಂತೆ, ಅಪ್ಪ. ಇಷ್ಟು ದಿನ ಮನೆಯಲ್ಲೇ ಇದ್ದವರ ಮುಖವನ್ನು ಮೊದಲ ಸಲ ನೋಡಿದಂತಾಯಿತು.

ಗೊರವಂಕದ್ದು ಇದಕ್ಕೆ ವಿರುದ್ಧವಾದ ಕಥೆ. ನಾನು ಇಲ್ಲಿಗೆ ಬಂದ ಮೊದಲ ಬೆಳಗ್ಗೆ ಕಿಟಕಿಯ ಹೊರಗೆ ಅದರ ಕೂಗು ಕೇಳಿ ಅತ್ತುಬಿಟ್ಟಿದ್ದೆ. ನಮ್ಮ ಕೊಟ್ಟಿಗೆಯ ಹಂಚಿನ ಮೇಲೆ ಕೂತು ಕೂಗಿದಂತೆಯೇ ಇತ್ತು. ತರಕಾರಿ ತೋಟದ ಹುಳು ತಿನ್ನಲಿ ಎಂದು 1860ರ ದಶಕದಲ್ಲಿ ಅವನ್ನು ಮೆಲ್ಬರ್ನ್‌ಗೆ ತಂದು ಬಿಟ್ಟರು. ಈಗ ಅವು ಹಳೆಯ ಮರಗಳ ಪೊಟರೆಗಳನ್ನು ಆಕ್ರಮಿಸಿ ಇಲ್ಲಿನ ಗಿಣಿಗಳಿಗೆ ಗೂಡಿಲ್ಲದಂತೆ ಮಾಡುತ್ತಿವೆ. ಕೂಟದ ಹಿರಿಯರು ಇದನ್ನು ನನ್ನ ಮುಂದೆ ಹೇಳಲು ಸಂಕೋಚಪಟ್ಟರು. ಕೇಳಿ ನನಗೂ ನೋವಾಯಿತು. ಹಕ್ಕಿಯ ತಪ್ಪೇನೂ ಇಲ್ಲ. ಆದರೂ ಒಂದು ಜೀವವನ್ನು ಒಂದು ನೆಲದಿಂದ ಕಿತ್ತು ಇನ್ನೊಂದರಲ್ಲಿ ಇಟ್ಟರೆ, ಅಲ್ಲಿ ಮೊದಲೇ ಇದ್ದವರ ಜಾಗ ಎಲ್ಲಿಂದಲೋ ಕಡಿಮೆಯಾಗುತ್ತದೆ ಎಂಬುದು ಅಂದು ನನಗೆ ಅರ್ಥವಾಯಿತು.

ಈಗ ಅತ್ತಿಯ ವಿಷಯ. ಇದನ್ನು ಅಜ್ಜಿಗೆ ಓದಿ ಹೇಳಿ. ‘ಅತ್ತಿ ಹೂ ಕಂಡವರು ಯಾರಿದ್ದಾರೆ’ ಎಂದು ಅಜ್ಜಿ ಕೇಳುತ್ತಿದ್ದರಲ್ಲ, ನಾನು ಕಂಡೆ. ಕಳೆದ ಮಾರ್ಚ್‌ನಲ್ಲಿ ಉದ್ಯಾನವೊಂದರಲ್ಲಿ ಮೋರ್ಟನ್ ಬೇ ಎಂಬ ಕೊಲ್ಲಿಯ ಹೆಸರಿನ, ಅತ್ತಿಯದೇ ಕುಲದ ದೊಡ್ಡ ಮರದ ಕೆಳಗೆ ಕೂತಿದ್ದೆವು. ಶಿಕ್ಷಕಿ ಒಂದು ಎಳೆ ಕಾಯಿಯನ್ನು ಚಾಕುವಿನಿಂದ ಸೀಳಿ ಭೂತಗನ್ನಡಿಯ ಕೆಳಗೆ ಹಿಡಿದರು. ಒಳಗೋಡೆಯ ತುಂಬ ಸಾಸಿವೆಗಿಂತ ಸಣ್ಣ ನೂರಾರು ಹೂಗಳು! ನಾವು ಕಾಯಿ ಎನ್ನುವುದೇ ಹೂಗಳ ಮನೆ. ಅದಕ್ಕೆ ಒಂದೇ ಬಾಗಿಲು, ತುದಿಯ ಸಣ್ಣ ರಂಧ್ರ. ಆ ಬಾಗಿಲಿನಲ್ಲಿ ನುಗ್ಗಬಲ್ಲದ್ದು ಒಂದು ಪುಟ್ಟ ಕಣಜ ಮಾತ್ರ. ನುಗ್ಗುವಾಗ ಅದರ ರೆಕ್ಕೆಗಳು ಮುರಿದುಹೋಗುತ್ತವೆ. ಒಳಗೆ ಕೆಲವು ಹೂಗಳಿಗೆ ಪರಾಗ ತಾಕಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊದಲು ಹೊರಬರುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಲ್ಲಿ ಹಾರಿಹೋಗುತ್ತವೆ. ಅತ್ತಿಗೆ ಅದರದೇ ಕಣಜ, ಈ ಮರಕ್ಕೆ ಇದರದೇ ಕಣಜ. ಹಣ್ಣು ಬಿಚ್ಚಿ ‘ಥೂ, ಹುಳ’ ಎಂದು ನಾವು ಹೊಳೆಗೆ ಎಸೆಯುತ್ತಿದ್ದೆವಲ್ಲ, ಆ ಹುಳಗಳಿಂದಲೇ ಆ ಮರ.

ಹೆಣ್ಣು ಕಣಜದ ಆಯುಸ್ಸು ಹೊರಗೆ ಬಂದ ಮೇಲೆ ಕೆಲವೇ ದಿನ. ಅಷ್ಟರೊಳಗೆ ಸುತ್ತಲಲ್ಲಿ ಎಲ್ಲೋ ಇನ್ನೊಂದು ಅತ್ತಿ ಎಳೆ ಕಾಯಿ ಬಿಟ್ಟಿರಬೇಕು. ಅದಕ್ಕೇ ಒಂದು ಸೀಮೆಯ ಅತ್ತಿಮರಗಳೆಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದು ಈಗ, ಇನ್ನೊಂದು ಮುಂದಿನ ತಿಂಗಳು. ಕಾಡಿನಲ್ಲಿ ಬೇರೆ ಹಣ್ಣು ಸಿಗದ ದಿನಗಳಲ್ಲೂ ಎಲ್ಲೋ ಒಂದು ಅತ್ತಿಯೋ ಬಸರಿಯೋ ಗೋಣಿಯೋ ಹಕ್ಕಿಗಳಿಗೆ ಉಣಬಡಿಸುತ್ತಿರುತ್ತದೆ. ನಮ್ಮ ಮರಕ್ಕೆ ಬರುತ್ತಿದ್ದ ಮಂಗಟ್ಟೆಗಳು ನೆನಪಿವೆಯೇ, ಅಪ್ಪ? ಆ ಬೂದು ಮಂಗಟ್ಟೆ ಪಶ್ಚಿಮ ಘಟ್ಟವನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದರ ನಗುವಿನಂಥ ಕೂಗು ಕೇಳಿಯೇ ನಾನು ಶಾಲೆಗೆ ಹೊರಡುತ್ತಿದ್ದೆ.

ಬಾವಲಿಗಳ ಕಾಟ ಎಂದೂ ಅಣ್ಣ ಹೇಳಿದ. ಇಲ್ಲಿ ಬಾವಲಿಗಳು ದೊಡ್ಡ ಸಸ್ಯೋದ್ಯಾನದಲ್ಲಿ ನೆಲೆಸಿದ್ದವು. ಮರಗಳು ಹಾಳಾಗುತ್ತವೆಂದು 2003ರಲ್ಲಿ ಅವನ್ನು ಅಲ್ಲಿಂದ ಎಬ್ಬಿಸಿದರು. ಅವು ಯಾರಾ ಬೆಂಡ್ ಎಂಬಲ್ಲಿ ನೆಲೆನಿಂತವು. ಈಗ ಸಂಜೆ ಅವು ಏಳುವುದನ್ನು ನೋಡಲು ಜನ ಮಕ್ಕಳೊಂದಿಗೆ ಬರುತ್ತಾರೆ. ನೀಲಗಿರಿ ಕಾಡಿನ ಹೂಗಳಿಗೆ ರಾತ್ರಿ ಪರಾಗ ಒಯ್ಯುವವು ಅವೇ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿಗೆ ಒಗ್ಗುತ್ತದೆ, ಕಡಿಯಲು ಅನುಮತಿಗೆ ಅಲೆಯಬೇಕಿಲ್ಲ, ಹಣ ಬೇಕಾದಾಗ ಮಾರಬಹುದು. ನನ್ನ ಕಾಲೇಜಿನ ಶುಲ್ಕ ಕಟ್ಟಿದ್ದು ಹಾಗೆ ಮಾರಿದ ಮರಗಳಿಂದಲೇ. ಆ ಋಣವನ್ನು ಮರೆತು ಬರೆಯುತ್ತಿಲ್ಲ. ಹಲಸಿದ್ದರೆ ಆನೆ ಬರುತ್ತದೆ ಎಂದು ಮನೆ ಹಿಂದಿನ ಹಲಸನ್ನು ನೀವು ಕಡಿಸಿದಾಗ ನಾನು ಒಂದು ಮಾತೂ ಆಡಲಿಲ್ಲ. ಆ ಭಯ ನಿಜವಾದದ್ದು. ಆದರೆ ಹೊಳೆಬದಿಯ ಪಟ್ಟಿ ಬೇರೆ. ಕಾಫಿಯ ಕಾಂಡ ಕೊರೆಯುವ ಹುಳು, ಬಿಳಿ ಕಾಂಡಕೊರಕ, ಬಿಸಿಲು ಬೀಳುವ ಗಿಡವನ್ನೇ ಹುಡುಕಿಕೊಂಡು ಬರುತ್ತದೆ ಎಂದು ನನಗೆ ಕಲಿಸಿದವರು ನೀವು. ಸಿಲ್ವರ್ ಓಕ್‌ನ ನೆರಳು ತೆಳು, ಅದರ ಎಲೆ ನೆಲದಲ್ಲಿ ಬೇಗ ಕೊಳೆಯುವುದೂ ಇಲ್ಲ. ಅತ್ತಿಯ ಎಲೆ ಬಿದ್ದು ಗೊಬ್ಬರವಾಗುತ್ತದೆ. ಕಾಫಿ ಮಂಡಳಿ ಶಾಶ್ವತ ನೆರಳಿಗೆಂದು ಹೇಳುವ ಮರಗಳಲ್ಲಿ ಅತ್ತಿ, ಬಸರಿ, ಗೋಣಿ ಎಲ್ಲವೂ ಇವೆ. ಜೊತೆಗೆ ಆ ಬೇರು ಹೋದರೆ ಹೊಳೆಯ ದಂಡೆಯನ್ನು ಹಿಡಿದಿಡುವವರು ಯಾರು? ನೆರಳು ಹೆಚ್ಚಾಗಿದ್ದರೆ ಈ ಸಲ ಚೆನ್ನಾಗಿ ಮರಗಸಿ ಮಾಡಿಸಿ. ಕೆಳಗಿನ ನಾಲ್ಕು ಕೊಂಬೆ ಹೋಗಲಿ, ಮರ ಉಳಿಯಲಿ. ಸಿಲ್ವರ್ ಓಕ್‌ಗೆ ರಸ್ತೆ ಬದಿಯಲ್ಲಿ, ಹೋದ ಮಳೆಗಾಲದಲ್ಲಿ ನಂದಿಮರ ಉರುಳಿದ ಜಾಗ ಖಾಲಿ ಇದೆಯಲ್ಲ. ಸಸಿಗಳ ಖರ್ಚನ್ನು ನಾನು ಕಳುಹಿಸುತ್ತೇನೆ.

ಇನ್ನೊಂದು ಸಂಗತಿ. ಇಲ್ಲಿ ನಡಿಗೆ ಶುರುವಾಗುವ ಮೊದಲು ಈ ನೆಲದ ಮೂಲ ಒಡೆಯರಾದ ವುರುಂಡ್ಜೆರಿ ಜನರನ್ನು ನೆನೆಯುತ್ತೇವೆ. ‘ವುರುನ್’ ಎಂದರೆ ನದಿ ದಂಡೆಯ ಒಂದು ಜಾತಿಯ ನೀಲಗಿರಿ, ‘ಡ್ಜೆರಿ’ ಎಂದರೆ ಆ ಮರದಲ್ಲಿ ಸಿಗುವ ಹುಳು. ಒಂದು ಮರ, ಅದರ ಹುಳು, ಅದೇ ಒಂದು ಜನಾಂಗದ ಹೆಸರು. ಅದನ್ನು ಕೇಳಿದಾಗ ನಮ್ಮ ಅತ್ತಿಗುಂಡಿ, ಬಸರಿಕಟ್ಟೆ, ಮಾವಿನಕೆರೆಗಳು ನೆನಪಾದವು. ಅತ್ತಿ ಈ ದೇಶದ ಉತ್ತರದ ಕಾಡುಗಳಲ್ಲೂ ತಾನಾಗಿಯೇ ಬೆಳೆಯುತ್ತದೆ, ಯಾರೂ ತಂದು ನೆಟ್ಟದ್ದಲ್ಲ. ದತ್ತಾತ್ರೇಯನ ಮರ ಎಂದು ಅಜ್ಜಿ ಕೈ ಮುಗಿಯುವ ಮರ ಸಮುದ್ರದ ಈಚೆಗೂ ಇದೆ ಎಂದು ಅವರಿಗೆ ಹೇಳಿ, ಸಂತೋಷಪಡುತ್ತಾರೆ.

ನಾನು ಫೆಬ್ರವರಿ ಕೊನೆಯಲ್ಲಿ ಬರುತ್ತೇನೆ. ರಜೆ ಮಂಜೂರಾಗಿದೆ. ಅಲ್ಲಿಯವರೆಗೆ ಕೊಡಲಿ ತಾಗಿಸಬೇಡಿ. ಬಂದ ಮೇಲೆ ಒಂದು ಬೆಳಗ್ಗೆ ನೀವು, ನಾನು, ಅಣ್ಣನ ಮಕ್ಕಳು ಆ ಮರದ ಕೆಳಗೆ ಕೂತು ಯಾರು ಯಾರು ಬರುತ್ತಾರೆಂದು ಬರೆದುಕೊಳ್ಳೋಣ. ಅದಾದ ಮೇಲೂ ನಿಮಗೆ ಕಡಿಸಬೇಕೆನಿಸಿದರೆ ನಾನು ಅಡ್ಡ ಬರುವುದಿಲ್ಲ.

ಅಮ್ಮ, ಈ ಸಲ ಕಳುಹಿಸುವ ಪೊಟ್ಟಣದಲ್ಲಿ ಬೀಜ, ಎಲೆ, ಒಣಗಿದ ಹೂ ಏನೂ ಬೇಡ. ಇಲ್ಲಿ ಗಡಿಯಲ್ಲೇ ತೆಗೆದು ಹಾಕುತ್ತಾರೆ. ಅದರ ಬದಲು ಒಂದು ಕೆಲಸ ಮಾಡಿಸು. ತೋಟದಿಂದ ಅತ್ತಿ, ಬಸರಿ, ಹೊನ್ನೆ, ನಂದಿ, ಹಾಲವಾಣ, ಬೀಟೆ, ಹೀಗೆ ಕೈಗೆ ಸಿಕ್ಕ ಎಲೆಗಳನ್ನು ಅಜ್ಜಿಯ ಮುಂದೆ ಇಡು. ಎಲೆಯ ಮೇಲೆ ಬಿಳಿ ಹಾಳೆ ಹಾಕಿ ಮಕ್ಕಳು ಪೆನ್ಸಿಲ್ ಉಜ್ಜಿದರೆ ನರಗಳೆಲ್ಲ ಮೂಡುತ್ತವೆ. ಕೆಳಗೆ ಅಜ್ಜಿ ಹೇಳಿದ ಹೆಸರು, ಅದು ಯಾವುದಕ್ಕೆ ಬರುತ್ತದೆ ಎಂಬುದನ್ನು ಅವರ ಮಾತಿನಲ್ಲೇ ಬರೆದು, ಹಾಳೆಗಳನ್ನು ಮಾತ್ರ ಅಂಚೆಗೆ ಹಾಕಿಸು.

ನಿಮ್ಮ ಮಗಳು,
ಪುಟ್ಟಿ