ನೇತ್ರಾವತಿ ದಡದ ಹಂಚಿನ ಕಾರ್ಖಾನೆ ಉಳಿಸಲು ದೇಣಿಗೆ ಮನವಿ

ಮಾನ್ಯರೇ,

ಮಂಗಳೂರಿನಲ್ಲಿ ನೇತ್ರಾವತಿಯ ದಡದುದ್ದಕ್ಕೂ, ಜೆಪ್ಪು, ಬೋಳಾರ, ಹೊಯ್ಗೆ ಬಜಾರ್ ಕಡೆಗಳಲ್ಲಿ ಒಂದು ಕಾಲಕ್ಕೆ ಹಂಚಿನ ಕಾರ್ಖಾನೆಗಳ ಚಿಮಿಣಿಗಳೇ ಕಾಣುತ್ತಿದ್ದವು. ಗೂಡಿನ ಬೆಂಕಿ ಆರಿ ವರ್ಷಗಳೇ ಕಳೆದಿರುವ ಅಂಥ ಒಂದು ಕಾರ್ಖಾನೆಯ ಒಣಗಿಸುವ ಚಾವಡಿ, ಸುಡುವ ಗೂಡು ಮತ್ತು ಚಿಮಿಣಿಯನ್ನು ಉಳಿಸಿಕೊಳ್ಳಲು ನಮ್ಮ ಟ್ರಸ್ಟ್ ಹೊರಟಿದೆ. ಕಟ್ಟಡವನ್ನು ಕೆಡವದೆ ದುರಸ್ತಿಗೆ ಬಿಟ್ಟುಕೊಡಲು ಜಾಗದ ಮಾಲೀಕರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಹೆಸರು ಎಲ್ಲೂ ಬರುವುದು ಬೇಡ ಎಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಹಾಕಿಲ್ಲ.

1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದರು. ಅದರ ಹಿಂದಿದ್ದವರು ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್. ಅಲ್ಲಿಯವರೆಗೆ ಕರಾವಳಿಯ ಮನೆಗಳಿಗೆ ಮುಳಿಹುಲ್ಲು, ತೆಂಗಿನ ಮಡಲು, ಇಲ್ಲವೇ ಕುಂಬಾರರು ತಟ್ಟಿದ ನಾಡಹಂಚು. ಮುಳಿಹುಲ್ಲನ್ನು ವರ್ಷ ವರ್ಷವೂ ಹೊದೆಸಬೇಕು, ಕಿಡಿ ಬಿದ್ದರೆ ಮನೆಯೇ ಹೋಯಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚು ಬಂದ ಮೇಲೆ ಆ ಭಯ ತಪ್ಪಿತು. ನೋಡನೋಡುತ್ತಿದ್ದಂತೆ ಊರಿನವರೇ ಬಂಡವಾಳ ಹಾಕಿ ಕಾರ್ಖಾನೆ ಕಟ್ಟತೊಡಗಿದರು. ಮೊದಲ ಮಹಾಯುದ್ಧದ ನಂತರ ಮಿಷನ್‌ನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಹಂಚು ಮಾತ್ರ ಮಂಗಳೂರು ಹಂಚಾಗಿಯೇ ಉಳಿಯಿತು.

ಕಾರ್ಖಾನೆಗಳೆಲ್ಲ ಹೊಳೆ ಬದಿಗೇ ಬಂದದ್ದಕ್ಕೆ ಕಾರಣ ಸರಳ. ಆವೆಮಣ್ಣು ಸಿಗುವುದು ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ. ಮಣ್ಣು ಬರುತ್ತಿದ್ದದ್ದು ದೋಣಿಯಲ್ಲಿ, ಗೂಡಿಗೆ ಬೇಕಾದ ಸೌದೆಯೂ ನೀರಿನ ಮೇಲೆಯೇ. ಸುಟ್ಟ ಹಂಚು ಹಳೇ ಬಂದರಿಗೆ ಹೋಗಿ, ಮಂಜಿ ಎಂಬ ಹಾಯಿದೋಣಿಗಳಲ್ಲಿ ಮುಂಬಯಿಯ ಕಡೆಗೆ, ಇನ್ನಷ್ಟು ದೂರಕ್ಕೆ ಹಡಗಿನಲ್ಲಿ ಆಫ್ರಿಕದ ಪೂರ್ವ ತೀರದವರೆಗೆ ಹೋಗುತ್ತಿತ್ತು. ಈಗ ಇದೇ ದಡದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಡಿಗೆ ದಾರಿ ಬಂದಿದೆ, ಒಳ್ಳೆಯದೇ. ಆದರೆ ಈ ದಡ ಊರಿಗೆ ಯಾಕೆ ಬೇಕಾಗಿತ್ತು ಎಂದು ಅಲ್ಲಿ ನಡೆಯುವ ಮಕ್ಕಳಿಗೆ ತೋರಿಸಲು ಒಂದು ಕಾರ್ಖಾನೆಯಾದರೂ ನಿಂತಿರಬೇಡವೇ? ನೆನಪಿಗೊಂದು ಫಲಕ ಹಾಕಿದರೆ ಸಾಕೆನ್ನುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ.

ಚಾವಡಿಯ ಒಳಗೆ ಹೋದರೆ ಹಂಚು ಒಣಗಿಸುತ್ತಿದ್ದ ಮರದ ಅಟ್ಟಗಳು ಇನ್ನೂ ಸಾಲಾಗಿ ಇವೆ. ಪ್ರೆಸ್ಸಿನಿಂದ ಇಳಿದ ಹಸಿ ಹಂಚಿನ ಅಂಚು ತಿದ್ದಿ, ಒಂದೊಂದನ್ನೇ ಎತ್ತಿ ಅಲ್ಲಿ ಇಡಬೇಕಿತ್ತು. ಆ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಮೂಲೆಯಲ್ಲಿ ಉಳಿದ ಹಂಚುಗಳಲ್ಲಿ ಒಂದನ್ನು ಮಗುಚಿ ನೋಡಿ: ಕಾರ್ಖಾನೆಯ ಮುದ್ರೆಯ ಪಕ್ಕ, ಹಸಿಯಿದ್ದಾಗ ಒತ್ತಿದ ಮೂರು ಬೆರಳಿನ ಗುರುತು ಹಾಗೇ ಸುಟ್ಟು ಗಟ್ಟಿಯಾಗಿದೆ. ಯಾರ ಕೈಯೋ, ಯಾವ ದಫ್ತರದಲ್ಲೂ ಆಕೆಯ ಹೆಸರಿಲ್ಲ. ಆ ದುಡಿಮೆಯ ಗುರುತು ಉಳಿಯಬೇಕೆಂಬುದೇ ನಮ್ಮ ಈ ಎಲ್ಲ ಓಡಾಟಕ್ಕೆ ಕಾರಣ.

ಕೆಲಸ ತುರ್ತಾಗಿ ಆಗಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಹತ್ತು ಹಂಚು ಜಾರಿದರೆ ಹಂಚು ಕೂರುವ ಮರದ ಪಟ್ಟಿಯಾದ ರೀಪು ನೆನೆಯುತ್ತದೆ, ರೀಪು ಕೊಳೆತು ಕುಂಬಾದರೆ ಅದನ್ನು ಹೊತ್ತ ಪಕ್ಕಾಸಿನ ತೊಲೆಗೆ ಗೆದ್ದಲು, ಆಮೇಲೆ ಮುರಕಲ್ಲಿನ ಗೋಡೆಯ ಮೇಲೇ ನೀರು. ಹೊಳೆಯ ಬದಿಯ ಮಾಡು ಈಗಾಗಲೇ ಒಂದು ಕಡೆ ಕುಸಿದಿದೆ. ಚಿಮಿಣಿಯ ಬುಡದಿಂದ ಆಳೆತ್ತರದಲ್ಲಿ ಅಶ್ವತ್ಥದ ಗಿಡ ಹುಟ್ಟಿ, ಬೇರು ಇಟ್ಟಿಗೆಯ ಸಂದಿಗೆ ಇಳಿದಿದೆ. ಅದನ್ನು ಎಳೆದು ಕೀಳುವಂತಿಲ್ಲ, ಕಿತ್ತರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಬೇರನ್ನು ಸಾಯಿಸಿ, ಸಂದಿಯನ್ನು ಸುಣ್ಣದ ಗಾರೆಯಿಂದಲೇ ತುಂಬಬೇಕು. ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿದು ಹಳೆಯ ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆ, ಕೂಲಿಯೂ ಹೆಚ್ಚು. ಆದರೂ ಈ ವಿಷಯದಲ್ಲಿ ಹಣ ಉಳಿಸಲು ನಾವು ತಯಾರಿಲ್ಲ.

ಮೊದಲ ಹಂತಕ್ಕೆ 40 ಲಕ್ಷ ರೂಪಾಯಿ ಬೇಕು. ಮೊದಲು ಮಾಡು, ಆಮೇಲೆ ಚಿಮಿಣಿ, ಕೊನೆಗೆ ಗೂಡಿನ ಕಮಾನು. ದುರಸ್ತಿಯಾದ ಮೇಲೆ ಹಳೆಯ ಪ್ರೆಸ್ಸನ್ನು ಇದ್ದಲ್ಲೇ ಇರಿಸಿ, ಮಣ್ಣು ಹದ ಮಾಡುವುದರಿಂದ ಸುಡುವವರೆಗಿನ ಕೆಲಸವನ್ನು ತೋರಿಸುವ ಶಾಲೆಯಂತೆ ಇದನ್ನು ನಡೆಸುತ್ತೇವೆ. ಮಕ್ಕಳಿಗೆ ಟಿಕೆಟ್ ಇರುವುದಿಲ್ಲ. ಗೋಡೆಗೆ ಬಣ್ಣ ಬಳಿದು ಸೆಲ್ಫಿ ತೆಗೆಯುವ ಜಾಗ ಮಾಡುವ ಉದ್ದೇಶ ನಮಗಿಲ್ಲ.

ನಿಮ್ಮ ಕೈಲಾದಷ್ಟು ಕೊಡಿ, ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ. ದೇಣಿಗೆಗೆ 80ಜಿ ಅಡಿಯಲ್ಲಿ ತೆರಿಗೆ ರಿಯಾಯಿತಿ ಇದೆ. 2,000 ರೂಪಾಯಿ ಮೀರಿದ ನಗದಿಗೆ ಆ ರಿಯಾಯಿತಿ ಸಿಗದು. ಹಾಗಾಗಿ ಹೆಚ್ಚಿನ ಮೊತ್ತವನ್ನು ಚೆಕ್ ಅಥವಾ ಯುಪಿಐ ಮೂಲಕ ಟ್ರಸ್ಟ್‌ನ ಹೆಸರಿಗೇ ಕಳುಹಿಸಿ. ಗಲ್ಫ್‌ನಲ್ಲಿರುವ ನಮ್ಮವರು ಭಾರತದಲ್ಲಿರುವ ತಮ್ಮ ಎನ್‌ಆರ್‌ಐ ಖಾತೆಯಿಂದ ಕೊಡಬಹುದು. ವಿದೇಶಿ ಪಾಸ್‌ಪೋರ್ಟ್ ಇರುವವರಿಂದ ಸದ್ಯಕ್ಕೆ ಹಣ ತೆಗೆದುಕೊಳ್ಳಲಾಗುವುದಿಲ್ಲ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ಖರ್ಚಿನ ಲೆಕ್ಕವನ್ನು ಪ್ರತಿ ಮೂರು ತಿಂಗಳಿಗೆ ಕಾರ್ಖಾನೆಯ ಗೇಟಿನ ಬಳಿ ಅಂಟಿಸುತ್ತೇವೆ.

ಹಣ ಕೊಡಲಾಗದವರೂ ನೆರವಾಗಬಹುದು. ಹಳೆಯ ಮನೆ ಕೆಡವುತ್ತಿದ್ದರೆ ಹಂಚನ್ನು ಗುಜರಿಗೆ ಹಾಕುವ ಮುನ್ನ ನಮಗೊಂದು ಮಾತು ತಿಳಿಸಿ. ಒಂದು ಕಾರ್ಖಾನೆಯ ಹಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಹಿಂಬದಿಯ ಮುದ್ರೆಯ ಫೋಟೊ ಕಳುಹಿಸಿದರೆ ಉಪಕಾರ. ಬೆರಳಿನಿಂದ ತಟ್ಟಿದಾಗ ಠಣ್ ಎಂದರೆ ಆ ಹಂಚು ಇನ್ನೂ ಗಟ್ಟಿಮುಟ್ಟು. 100 ಚದರ ಅಡಿ ಮಾಡಿಗೆ ಸುಮಾರು 150 ಹಂಚು ಬೇಕು, ಹಾಗಾಗಿ ಚಿಕ್ಕ ಮನೆಯೊಂದರ ಹಂಚೂ ನಮಗೆ ದೊಡ್ಡದೇ. ಕಿರಾಲಬೋಗಿ ಎಂಬ ಗಟ್ಟಿ ಮರದ ಪಕ್ಕಾಸುಗಳಿದ್ದರೆ ಲಾರಿ ಬಾಡಿಗೆ ನಾವೇ ಕೊಟ್ಟು ಒಯ್ಯುತ್ತೇವೆ. ನಿಮ್ಮ ಮನೆಯ ಹಿರಿಯರು ಹಂಚಿನ ಕಾರ್ಖಾನೆಯಲ್ಲಿ ದುಡಿದಿದ್ದರೆ ದಯವಿಟ್ಟು ತಿಳಿಸಿ. ಅವರ ಮಾತನ್ನು ದಾಖಲಿಸಿಕೊಳ್ಳಲು ನಾವೇ ಮನೆಗೆ ಬರುತ್ತೇವೆ. ಮಾಡಿನ ಕೆಲಸ ಮೇ ತಿಂಗಳ ಕೊನೆಯೊಳಗೆ ಮುಗಿಯಬೇಕಿದೆ.

ಇತಿ,
ಟ್ರಸ್ಟಿಗಳು ಮತ್ತು ದುರಸ್ತಿ ಸಮಿತಿಯ ಸದಸ್ಯರು